ಕುಂತಪ್ಪನ ದಿನ್ನೆ

ತೆಗ್ಗಿನೂರಿನಿಂದ ಬಡಗಣ ದಿಕ್ಕಿಗೆ ಹೊರಟವರಿಗೆ ಮೊದಲು ಎದುರಾಗುವುದು ಒಂದು ಉದ್ದನೆಯ ದಿನ್ನೆ. ಗುಡ್ಡವೆನ್ನಲು ಎತ್ತರ ಸಾಲದು, ಬಯಲೆನ್ನಲು ಏರುವವರ ಕಾಲು ಒಪ್ಪುವುದಿಲ್ಲ. ಎರಡೂ ಮಗ್ಗುಲಿಗೆ ಕರಿ ಎರೆಯ ಹೊಲಗಳಿದ್ದರೆ ದಿನ್ನೆಯ ಮೇಲೆ ಮಾತ್ರ ಗರಸು ಮಣ್ಣು, ಬಾರಿಗಿಡ, ನಡುವೆ ಒಂದು ಮುದಿ ಬೇವು. ಈಗಿನ ಡಾಂಬರು ರಸ್ತೆ ಅದನ್ನು ಬಳಸಿಕೊಂಡು ಹೋಗುತ್ತದೆ. ಬಸ್ಸಿನ ಕಂಡಕ್ಟರ್ 'ಕುಂತಪ್ಪ ಯಾರ್‍ರಿ, ಇಳೀರಿ' ಎಂದಾಗ ಹೊಸಬರು ಇದು ಯಾವುದೋ ದೇವರ ಹೆಸರಿರಬೇಕೆಂದು ಕೈಮುಗಿಯುವುದುಂಟು. ಕುಂತಪ್ಪ ಎಂದರೆ ಕುಳಿತವನು, ಅಷ್ಟೇ. ಅವನ ನಿಜವಾದ ಹೆಸರು ದೋಂಡಪ್ಪ ಎಂದಿತ್ತಂತೆ; ಶಿಂಪಿಗೇರ ಮನೆತನದವನು, ಅಂಗಿ ಕುಪ್ಪಸ ಹೊಲಿದು ಬದುಕುತ್ತಿದ್ದವನು.

ಹಿಂದೆ, ಹೊಲಿಗೆ ಯಂತ್ರ ಈ ಸೀಮೆಗೆ ಕಾಲಿಡುವುದಕ್ಕೂ ಬಹಳ ಮೊದಲು, ತೆಗ್ಗಿನೂರಿನಿಂದ ವರ್ಷಕ್ಕೊಮ್ಮೆ ಪಂಢರಪುರಕ್ಕೆ ದಿಂಡಿ ಹೊರಡುತ್ತಿತ್ತು. ಆಷಾಢದ ಏಕಾದಶಿಗೆ ಅಲ್ಲಿರಬೇಕೆಂದು ತಾಳ ಹಿಡಿದು, ಭುಜಕ್ಕೆ ಪತಾಕೆ ಆನಿಸಿ, ವಿಠಲನ ಹೆಸರು ಹೇಳುತ್ತ ಭಕ್ತರೆಲ್ಲ ನಡೆದೇ ಹೋಗುತ್ತಿದ್ದರು. ದೋಂಡಪ್ಪ ಕೊರಳಿಗೆ ತುಳಸಿಮಣಿ ಹಾಕಿಸಿಕೊಂಡದ್ದು ಮೀಸೆ ಮೂಡುವ ವಯಸ್ಸಿನಲ್ಲಿ. ಸೂಜಿ ಪೋಣಿಸುವಾಗಲೂ ವಿಠಲ, ದಾರ ಕಡಿಯುವಾಗಲೂ ವಿಠಲ. ಸೋನವ್ವನೆಂಬ ಹೆಣ್ಣನ್ನು ಮದುವೆಯಾದ ವರ್ಷ, ಇಬ್ಬರೂ ಜೋಡಿಯಾಗಿ ದಿಂಡಿಯ ಸಂಗಡ ಹೊರಟರು. ದಿನ್ನೆಯ ನೆತ್ತಿಗೆ ಬರುವಷ್ಟರಲ್ಲಿ ಹಿಂದಿನಿಂದ ಊರವರು ಓಡಿ ಬಂದರು. ಕೆಳಗಿನ ಓಣಿಯಲ್ಲಿ ವಾಂತಿಭೇದಿ ಹತ್ತಿತ್ತು. ಮುಟ್ಟುವುದಕ್ಕೆ ಮನೆಯವರೇ ಅಂಜುತ್ತಿದ್ದರು. ದೋಂಡಪ್ಪ ಹೆಂಡತಿಯ ಮುಖ ನೋಡಿದ. ಆಕೆ ತಲೆಯ ಮೇಲಿನ ಬುತ್ತಿಗಂಟನ್ನು ಇಳಿಸಿ, "ನಡೀರಿ, ಮುಂದಿನ ವರ್ಷ ಹೋದರಾತು" ಎಂದಳು. ಇಬ್ಬರೂ ಇಳಿದು ಬಂದು ರೋಗಿಗಳ ಹೊಲಸು ಬಳಿದರು, ಗಂಜಿ ಕುಡಿಸಿದರು, ಸತ್ತವರಿಗೆ ದೋಂಡಪ್ಪನೇ ಹೆಗಲು ಕೊಟ್ಟ.

ಮುಂದಿನ ವರ್ಷ ಅವರು ಹೊರಟ ದಿನವೇ ಮುದುಕಿಯೊಬ್ಬಳ ಮಾಳಿಗೆ ಕುಸಿಯಿತು. ಅದರ ಮುಂದಿನ ವರ್ಷ ಇನ್ನೊಂದು ಆಪತ್ತು. ಊರಿನ ಜನ ಕೆಟ್ಟವರೇನಲ್ಲ. ಆದರೆ ಒಬ್ಬ ಮನುಷ್ಯ ಇಲ್ಲ ಎನ್ನುವುದಿಲ್ಲವೆಂದು ಗೊತ್ತಾದ ಮೇಲೆ ಉಳಿದವರ ಕೈಗಳಿಗೆ ಜಡ ಹತ್ತುತ್ತದೆ. ದಿಕ್ಕಿಲ್ಲದ ಹೆಣವಿದ್ದರೆ, ಬಾವಿಗೆ ದನ ಬಿದ್ದರೆ, ತಾಯಿಯಿಲ್ಲದ ಕೂಸು ಚಳಿಗೆ ನಡುಗಿದರೆ 'ದೋಂಡಪ್ಪ ಅದಾನಲ್ಲ' ಎನ್ನುವುದೇ ಊರಿನ ರೂಢಿಯಾಯಿತು. ಅವನು ಹೊಲಿದು ಉಳಿದ ಚಿಂದಿಗಳನ್ನೆಲ್ಲ ಸೋನವ್ವ ಕೂಡಿಸಿ ಕೌದಿ ಮಾಡಿ ಬಡವರಿಗೆ ಹೊದಿಸುತ್ತಿದ್ದಳು. ಅವರ ಮನೆಯಲ್ಲೇ ಒಂದು ಕೌದಿ ಉಳಿದಿರಲಿಲ್ಲ ಎನ್ನುತ್ತಾರೆ. ಪ್ರತಿ ವರ್ಷ ದಿಂಡಿಯ ಸಂಗಡ ಅವರು ದಿನ್ನೆ ಏರುವುದು, ಯಾರೋ ಕರೆಯಲು ಬರುವುದು, ಅವರು ಇಳಿಯುವುದು. ಇಳಿಯುವಾಗ ದೋಂಡಪ್ಪನಿಗೆ ಬೇಸರವಾಗುತ್ತಿರಲಿಲ್ಲವೆಂದಲ್ಲ. ಬೇಸರವನ್ನು ಯಾರಿಗೆ ಹೇಳಬೇಕೆಂದು ತಿಳಿಯುತ್ತಿರಲಿಲ್ಲ. ಮೊಣಕಾಲಲ್ಲಿ ನೋವು ಸೇರಿಕೊಂಡಿತು, ಕಣ್ಣಿಗೆ ಸೂಜಿಯ ಕಿವಿ ಕಾಣದಾಯಿತು. ಕೆಲವು ದಿನ ಬೆಳಿಗ್ಗೆ ಬಾಗಿಲಲ್ಲಿ ಯಾರದೋ ದನಿ ಕೇಳಿದರೆ, ಹಾಸಿಗೆಯ ಮೇಲೆಯೇ ಕಣ್ಣು ಮುಚ್ಚಿಕೊಂಡು, ತಾನಿಲ್ಲವೆಂದು ಅವರು ಹೋಗಿಬಿಡಲಿ ಎಂದು ಕಾಯುತ್ತಿದ್ದ. ಆಮೇಲೆ ನಾಚಿಕೊಂಡು ಏಳುತ್ತಿದ್ದ.

ಒಮ್ಮೆ ಸೋನವ್ವನೇ ಕೇಳಿದಳು. "ವಿಠಲ ಗುಡಿಯೊಳಗ ಇಟ್ಟಂಗಿ ಮ್ಯಾಲ ನಿಂತು ನಮ್ಮ ದಾರಿ ಕಾಯಾಕತ್ತಾನ. ಆತಗ ಕಾಲು ನೋಯೂದಿಲ್ಲೇನ್ರಿ?"

"ಆತ ದೇವರು. ಆತಗ ತಡೀತದ," ಎಂದ ದೋಂಡಪ್ಪ.

"ನಮಗ?" ಎಂದಳಾಕೆ.

ಆ ಮಾತಾಡಿದ ಚಳಿಗಾಲದಲ್ಲೇ ಆಕೆ ಕೆಮ್ಮು ಹಿಡಿದು ಮಲಗಿದಳು. ಪಂಢರಪುರದ ಗಾಳಿಯನ್ನೂ ಕಾಣದೆ ಹೋದಳು. ಊರೆಲ್ಲ ಬಂದು ಅತ್ತಿತು. ಅತ್ತವರು ಎಂಟು ದಿನ ಕಳೆಯುವುದರೊಳಗೆ ತಮ್ಮ ತಮ್ಮ ತಾಪತ್ರಯ ಹೊತ್ತು ಮತ್ತೆ ಅವನ ಬಾಗಿಲಿಗೆ ಬಂದರು. ದೋಂಡಪ್ಪ ಎಲ್ಲವನ್ನೂ ಮಾಡಿದ. ಆದರೆ ಸೋನವ್ವನ ಅಸ್ಥಿಯನ್ನು ಒಂದು ಬಿಳಿ ಅರಿವೆಯಲ್ಲಿ ಕಟ್ಟಿ, ಗೂಟಕ್ಕೆ ತೂಗುಹಾಕಿ, ಇದನ್ನು ಪಂಢರಪುರದ ಚಂದ್ರಭಾಗೆ ಹೊಳೆಯಲ್ಲಿ ಬಿಡದೆ ತಾನು ಸಾಯಬಾರದೆಂದು ಮನಸ್ಸಿನಲ್ಲೇ ಆಣೆಯಿಟ್ಟುಕೊಂಡ.

ಜ್ಯೇಷ್ಠ ಬಂತು. ದಿಂಡಿ ಹೊರಟಿತು. ಈ ಸಲ ಬೇನೆಯಿರಲಿಲ್ಲ, ಯಾರ ಮನೆಯೂ ಬಿದ್ದಿರಲಿಲ್ಲ. ದೋಂಡಪ್ಪ ಗಂಟನ್ನು ಎದೆಗೆ ಕಟ್ಟಿಕೊಂಡು, ಕೋಲೂರುತ್ತ, ಎಲ್ಲರ ಹಿಂದೆ ದಿನ್ನೆ ಏರಿದ. ಬೇವಿನ ಹತ್ತಿರ ಉಸಿರು ಸುಧಾರಿಸಿಕೊಳ್ಳುತ್ತಿರುವಾಗ ಬೆನ್ನ ಹಿಂದೆ ಹೆಜ್ಜೆಯ ಸದ್ದಾಯಿತು. ಊರ ಗೌಡ ನಿಂಗನಗೌಡನೇ ಬಂದಿದ್ದ, ಜತೆಗೆ ನಾಲ್ಕಾರು ಮಂದಿ.

"ದೋಂಡಪ್ಪ, ಬಡಿಗೇರ ಅಣ್ಣತಮ್ಮರು ಪಡಸಾಲಿ ಪಾಲಿಗೆ ಕೊಡಲಿ ಹಿಡಕೊಂಡು ನಿಂತಾರ. ನೀ ಬಂದು ಒಂದು ಮಾತು ಹೇಳಿದರ ಕೇಳತಾರ. ನಾಳೆ ಹೋಗಿ ದಿಂಡಿ ಕೂಡಿದರಾತು," ಎಂದ ಗೌಡ.

ಮುಂದೆ ಹೋಗಿದ್ದ ದಿಂಡಿಯೂ ನಿಂತಿತು. ಅದರ ಹಿರಿಯ ಬಾಳೋಬ ತಿರುಗಿ ಬಂದು ದೋಂಡಪ್ಪನ ತೋಳು ಹಿಡಿದ. "ನಾಳೆ ಈ ಕಾಲು ನಡೆಯೂದಿಲ್ಲ. ನಡಿ, ಹೊತ್ತಾತು," ಎಂದ. ಗೌಡ ಇನ್ನೊಂದು ತೋಳು ಹಿಡಿದ. ಇಬ್ಬರೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ದೋಂಡಪ್ಪ ಬಡಗಣ ಬಯಲನ್ನು ನೋಡಿದ, ಹಿಂದಿನ ಊರನ್ನು ನೋಡಿದ. ಎರಡೂ ಒಂದೇ ಸಮ ದೂರವಾಗಿ ಕಂಡವು. ಅವನು ಮೆಲ್ಲಗೆ ಎರಡೂ ತೋಳು ಬಿಡಿಸಿಕೊಂಡು, ಅಲ್ಲಿದ್ದ ಒಂದು ಬಂಡೆಗೆ ಬೆನ್ನು ಕೊಟ್ಟು, ಕುಳಿತುಬಿಟ್ಟ.

"ನನಗ ದಣಿವಾಗೇದರೆಪ್ಪಾ," ಎಂದ.

ಹುಟ್ಟಿದಾರಭ್ಯ ಅವನ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಗೌಡ ಸ್ವಲ್ಪ ಹೊತ್ತು ನಿಂತು ನೋಡಿದ. ಈಗ ಏಳುತ್ತಾನೆ, ಇನ್ನೇನು ಏಳುತ್ತಾನೆ ಎಂದುಕೊಂಡ. ದೋಂಡಪ್ಪ ಎದೆಯ ಮೇಲಿನ ಗಂಟು ಬಿಚ್ಚಿ ಬಾಳೋಬನ ಕೈಗಿತ್ತ. "ಈಕೀನ ನೀವ ಕರಕೊಂಡು ಹೋಗ್ರಿ. ನನ್ನ ಸಂಗಡ ಇದ್ದರ ಮತ್ತ ತಿರುಗತಾಳ." ಬಾಳೋಬ ಗಂಟನ್ನು ಕಣ್ಣಿಗೊತ್ತಿಕೊಂಡು ನಡೆದ. ತಾಳದ ಸದ್ದು ಬಯಲಲ್ಲಿ ಸಣ್ಣದಾಗುತ್ತ ಹೋಯಿತು. ಗೌಡನ ಮಂದಿಯೂ ಒಬ್ಬೊಬ್ಬರಾಗಿ ಇಳಿದರು. ಊರಿಗೆ ಬಂದು "ದೋಂಡಪ್ಪ ಬರೂದಿಲ್ಲ, ಕುಂತಾನ" ಎಂದಾಗ, ಕೊಡಲಿ ಹಿಡಿದ ಅಣ್ಣತಮ್ಮರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಸಂಜೆಯವರೆಗೆ ಎದುರುಬದುರು ನಿಂತು, ಕಡೆಗೆ ಹಿರಿಯವನು ಕೊಡಲಿ ಒಳಗಿಟ್ಟು ಬಂದನಂತೆ.

ಮರುದಿನ ಬಡಿಗೇರ ಕಿರಿಯ ಸೊಸೆ ಒಂದು ಕೊಡ ನೀರು ಹೊತ್ತು ದಿನ್ನೆ ಏರಿದಳು. ಏನೂ ಕೇಳದೆ ಮುಂದಿಟ್ಟಳು. ಅವನು ಕುಡಿದ. ಆಮೇಲೆ ದಿನಕ್ಕೊಬ್ಬರಂತೆ ರೊಟ್ಟಿ ನೀರು ತರತೊಡಗಿದರು. ಬಿಸಿಲಿಗೆ ಬೇವಿನ ಕೊಂಬೆಯಿಂದ ಒಂದು ಚಪ್ಪರ ಹಾಕಿದರು. ಊರಿಗೆ ಬಾ ಎಂದು ಕರೆಯಲು ಯಾರಿಗೂ ಬಾಯಿ ಬರಲಿಲ್ಲ. ಆ ದಿನಗಳಲ್ಲಿ ಊರೊಳಗೊಂದು ದಿಕ್ಕಿಲ್ಲದ ಹೆಣ ಬಿತ್ತು. ನಿಂಗನಗೌಡನೇ ಮೊದಲು ಹೆಗಲು ಕೊಟ್ಟ.

ಏಕಾದಶಿ ಮುಗಿಸಿ ದಿಂಡಿ ಮರಳಿದಾಗ ದೋಂಡಪ್ಪ ಅದೇ ಬಂಡೆಗೆ ಒರಗಿದ್ದ, ತೀರ ಸಣ್ಣಗಾಗಿದ್ದ. ಬಾಳೋಬ ಅವನ ಹಣೆಗೆ ಪಂಢರಪುರದಿಂದ ತಂದ ಬುಕ್ಕಿಟ್ಟಿನ ಕರಿ ಪುಡಿ ಹಚ್ಚಿದ. ದೋಂಡಪ್ಪ ಕಣ್ಣು ತೆರೆದು, "ಮುಟ್ಟಿದಳೇನು?" ಎಂದು ಕೇಳಿದ.

"ಮುಟ್ಟಿದಳು."

ಹಾಗಂದ ಮೇಲೆ ಅವನು ಕಾಲು ಚಾಚಿದ. ಅಷ್ಟು ದಿನ ಮಡಚಿಕೊಂಡೇ ಕುಳಿತಿದ್ದನಂತೆ. ಆಗಲೇ ಪ್ರಾಣ ಹೋಯಿತೆಂದು ಕೆಲವರು, ಮೂರು ದಿನ ಮಲಗಿ ಹೋದನೆಂದು ಕೆಲವರು ಹೇಳುತ್ತಾರೆ. ವಿಠಲನೇ ಬಂದು ಪಕ್ಕದಲ್ಲಿ ಕುಳಿತನೆನ್ನುವವರೂ ಇದ್ದಾರೆ, ಕಂಡವರಾರೂ ಇಲ್ಲ.

ಇಂದು ಅಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ. ಮನುಷ್ಯರ ಬೆನ್ನು ತಾಗಿ ನುಣುಪಾದ ಒಂದು ಬಂಡೆಯಿದೆ. ಬರುವವರು ಒಂದು ತಂಬಿಗೆ ನೀರು ಅದರ ಬುಡಕ್ಕೆ ಹಾಕಿ, ತುಸು ಹೊತ್ತು ಕುಳಿತು ಎದ್ದು ಹೋಗುತ್ತಾರೆ. ಮಳೆ ಬೇಡುವುದಿಲ್ಲ, ಮಕ್ಕಳನ್ನು ಬೇಡುವುದಿಲ್ಲ, ಹರಕೆ ಹೊರುವುದಿಲ್ಲ. ಗೊತ್ತಿಲ್ಲದ ಯಾವಳಾದರೂ ಹೆಣ್ಣುಮಗಳು ಕೈಮುಗಿದು, ಸಂಕಟ ತೋಡಿಕೊಳ್ಳಲು ಬಾಯಿ ತೆರೆದರೆ, ಪಕ್ಕದಲ್ಲಿರುವ ಮುದುಕಿಯರು ಮೆಲ್ಲಗೆ ಆಕೆಯ ಕೈ ಇಳಿಸುತ್ತಾರೆ.

"ಇಲ್ಲಿ ಏನೂ ಕೇಳಬಾರದವ್ವಾ," ಎನ್ನುತ್ತಾರೆ. "ದಣದಾನ. ಕುಂದರಲಿ ಬಿಡು."