ಎಡಗಡೆಯಿಂದ ಬರುತ್ತಿದ್ದ ಕೈ

“ಗುರುಗಳೇ, ಹೋದವರ ಹಂಬಲ ಹೋಗುವುದು ಯಾವಾಗ?” ಎಂದು ಶಿಷ್ಯ ಕೇಳಿದ.

ಅವನ ಹೆಸರು ಶರಭಯ್ಯ. ಹೆಂಡತಿ ತೀರಿಕೊಂಡ ಮೇಲೆ ಮನೆಯನ್ನು ತಮ್ಮನಿಗೆ ಒಪ್ಪಿಸಿ ಮಠಕ್ಕೆ ಬಂದು ಸೇರಿದವನು. ಬೆಳಗಿನ ಪೂಜೆ ತಪ್ಪಿಸಿದವನಲ್ಲ. ಅಂಗಳ ಗುಡಿಸುವುದರಿಂದ ಹಿಡಿದು ದಾಸೋಹದ ಮನೆಗೆ ನೀರು ಹೊರುವವರೆಗೆ ಯಾವ ಕೆಲಸದಿಂದಲೂ ಹಿಂದೆ ಸರಿದವನಲ್ಲ.

“ಎಲ್ಲವನ್ನೂ ಬಿಟ್ಟೆ ಅಂದುಕೊಂಡೆ. ಅವಳೊಬ್ಬಳನ್ನು ಬಿಡಲು ಆಗುತ್ತಿಲ್ಲ. ಕಣ್ಣು ಮುಚ್ಚಿ ಕೂತರೆ ಅವಳೇ ಬರುತ್ತಾಳೆ. ನನ್ನ ಸಾಧನೆಯಲ್ಲೇ ಏನೋ ಕೆಟ್ಟಿದೆ. ಇಲ್ಲಿ ಕೂತು ಉಣ್ಣುವ ಯೋಗ್ಯತೆ ನನಗಿಲ್ಲ. ಅಪ್ಪಣೆ ಕೊಟ್ಟರೆ ನಾಳೆ ಹೊರಟುಬಿಡುತ್ತೇನೆ” ಎಂದ.

ಗುರುಗಳು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. “ನನಗೆ ಕಾರು ಓಡಿಸಲು ಬರುವುದಿಲ್ಲ. ಭಕ್ತರು ಕರೆದುಕೊಂಡು ಹೋದಾಗ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವುದಷ್ಟೇ ಗೊತ್ತು. ಆದರೂ ಒಂದು ಕಾರಿನ ಕತೆ ಹೇಳುತ್ತೇನೆ. ತಪ್ಪಿದ್ದರೆ ಮೆಕ್ಯಾನಿಕ್ಕುಗಳು ತಿದ್ದಿಕೊಳ್ಳಲಿ” ಎಂದು ಶುರು ಮಾಡಿದರು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಕಾರಿನಲ್ಲಿ ಸೀರೆಯ ಗಂಟುಗಳನ್ನು ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಪಕ್ಕದ ಸೀಟಿನಲ್ಲಿ ಹೆಂಡತಿ. ನಿಜ ಹೇಳಬೇಕೆಂದರೆ ವ್ಯಾಪಾರ ಮಾಡುತ್ತಿದ್ದವಳು ಅವಳೇ. ಇವನು ಗಂಟು ಬಿಚ್ಚುತ್ತಿದ್ದ, ಗಂಟು ಕಟ್ಟುತ್ತಿದ್ದ.

ಒಮ್ಮೆ ಆ ಕಾರಿನ ಪವರ್ ಸ್ಟಿಯರಿಂಗ್ ಕೆಟ್ಟಿತು. ತಿರುಗಿಸುವ ಕೈಗೆ ಎಣ್ಣೆಯ ಒತ್ತಡದಿಂದ ಬಲ ಕೊಡುವ ಪಂಪು ಒಂದು ಅದರಲ್ಲಿ ಇರುತ್ತದಂತೆ. ಅದು ನಿಂತುಹೋಯಿತು. ಕಾರು ಓಡುತ್ತಿತ್ತು, ಆದರೆ ಸ್ಟಿಯರಿಂಗ್ ಬೀಸುಕಲ್ಲಿನಷ್ಟು ಭಾರವಾಯಿತು. ನೆಟ್ಟಗಿನ ದಾರಿಯಲ್ಲಿ ಹೇಗೋ ನಡೆಯುತ್ತಿತ್ತು. ತಿರುವು ಬಂದರೆ ಎಡಗೈ ಗೇರಿಗೆ ಹೋಗಬೇಕು, ಬಲಗೈ ಒಂದರಿಂದ ಸ್ಟಿಯರಿಂಗ್ ತಿರುಗುತ್ತಿರಲಿಲ್ಲ.

ಆಗ ಹೆಂಡತಿ ಎಡಗಡೆಯಿಂದ ಕೈ ಚಾಚಿ ಹಿಡಿದು ಎಳೆಯುತ್ತಿದ್ದಳು. ಅವನು ಕೇಳಬೇಕಾಗಿರಲಿಲ್ಲ. ಆಡುತ್ತಿದ್ದ ಮಾತನ್ನು ಅವಳು ನಿಲ್ಲಿಸುತ್ತಲೂ ಇರಲಿಲ್ಲ. ತಿರುವು ಬಂದೊಡನೆ ಆ ಕೈ ಬರುತ್ತಿತ್ತು, ಬಳೆ ಸದ್ದಾಗುತ್ತಿತ್ತು, ಕಾರು ತಿರುಗುತ್ತಿತ್ತು.

“ದೀಪಾವಳಿ ವ್ಯಾಪಾರ ಮುಗೀಲಿ, ರಿಪೇರಿ ಮಾಡಸ್ತೀನಿ” ಎಂದು ಅವನು ಹೇಳುತ್ತಲೇ ಇದ್ದ.

“ಇರ್ಲಿ ಬಿಡ್ರಿ, ನಾ ಅದೀನಲ್ಲ” ಎಂದು ಅವಳು ಹೇಳುತ್ತಲೇ ಇದ್ದಳು.

ಹೀಗೆ ದೀಪಾವಳಿಗಳು ಬಂದವು, ಹೋದವು. ಒಂದು ಮಳೆಗಾಲದಲ್ಲಿ ಜ್ವರ ಹಿಡಿದು ಅವಳು ತೀರಿಕೊಂಡಳು.

ಒಬ್ಬನೇ ತಿರುಗಿಸಲಾಗದೆ ವ್ಯಾಪಾರಿ ಕಾರನ್ನು ಮೆಕ್ಯಾನಿಕ್ಕನ ಹತ್ತಿರ ಬಿಟ್ಟ. ಅವನು ಹೊಸ ಪಂಪು ಹಾಕಿದ, ಹೊಸ ಎಣ್ಣೆ ತುಂಬಿದ. ಈಗ ಸ್ಟಿಯರಿಂಗ್ ಒಂದು ಬೆರಳಿಗೆ ತಿರುಗುವಷ್ಟು ಹಗುರವಾಯಿತು. ಆದರೆ ಕೆಲವೇ ದಿನಗಳಲ್ಲಿ ವ್ಯಾಪಾರಿ ಮರಳಿ ಬಂದ.

“ತಿರುವಿನ್ಯಾಗ ಸ್ಟಿಯರಿಂಗ್ ತಡಾ ಆಗಿ ಹೊಳ್ಳತೈತಿ. ನಿನ್ನೆ ಎದುರಿನ ಲಾರಿಗೆ ಬಡೀತಿದ್ದೆ” ಎಂದ.

ಮೆಕ್ಯಾನಿಕ್ಕನಿಗೆ ತನ್ನ ಕೆಲಸದ ಮೇಲೆಯೇ ಅನುಮಾನ ಬಂತು. ರಿಪೇರಿಯ ನಂತರ ಎಣ್ಣೆಯಲ್ಲಿ ಗಾಳಿ ಉಳಿದಿದ್ದರೆ ಸ್ಟಿಯರಿಂಗ್ ಮೊಂಡು ಹಿಡಿಯುವುದುಂಟು. ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿದ. ಎಣ್ಣೆಡಬ್ಬಿಯ ಮುಚ್ಚಳ ತೆಗೆದು, ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸಿದ. ಒಂದಿಷ್ಟು ಗುಳ್ಳೆ ಬಂದವು, ನಿಂತವು. ಬೆಲ್ಟಿನ ಬಿಗಿ ನೋಡಿದ. ಪೈಪು ಎಲ್ಲೂ ಸೋರುತ್ತಿರಲಿಲ್ಲ. ತಾನೇ ಊರಾಚೆಯವರೆಗೆ ಓಡಿಸಿಕೊಂಡು ಹೋಗಿ ಬಂದ. ಎಲ್ಲ ಸರಿಯಾಗಿತ್ತು.

ವ್ಯಾಪಾರಿ ಕಾರು ಒಯ್ದ, ಮತ್ತೆ ತಂದ. ಮೆಕ್ಯಾನಿಕ್ಕು ಈ ಸಲ ಚಕ್ರದ ಹತ್ತಿರದ ಕೀಲುಗಳನ್ನೂ ಬಿಚ್ಚಿ ನೋಡಿದ. ಅಲ್ಲೂ ಸಡಿಲವಿರಲಿಲ್ಲ.

“ಈ ಗಾಡಿ ನನಗ ಬ್ಯಾಡ. ಯಾರಿಗಾದ್ರೂ ಮಾರಿಸಿಬಿಡು” ಎಂದ ವ್ಯಾಪಾರಿ. ಅವಳು ಕೂತು ಕೂತು ತಗ್ಗು ಬಿದ್ದ ಸೀಟು ಆ ಕಾರಿನಲ್ಲಿತ್ತು. ಅದನ್ನು ಇನ್ನೊಬ್ಬರಿಗೆ ಕೊಡುವುದು ಅವನಿಗೆ ಸಾಯುವಷ್ಟು ಸಂಕಟ. ಆದರೆ ಲಾರಿಯ ಭಯವೂ ಸುಳ್ಳಲ್ಲ.

“ಮಾರೋದು ಇದ್ದೇ ಐತ್ರಿ. ಒಮ್ಮೆ ನೀವ ಹೊಡೀರಿ, ನಾ ಬಾಜೂಕ ಕುಂತು ನೋಡ್ತೀನಿ” ಎಂದು ಮೆಕ್ಯಾನಿಕ್ಕು ಎಡಗಡೆಯ ಬಾಗಿಲಿಗೆ ಕೈ ಹಾಕಿದ.

“ಹಿಂದ ಕೂಡು” ಎಂದ ವ್ಯಾಪಾರಿ.

ಅವನು ಹಿಂದೆ ಸೀರೆ ಗಂಟುಗಳ ನಡುವೆ ತೂರಿಕೊಂಡು ಕೂತ. ಅಲ್ಲಿಂದ ಅವನಿಗೆ ಎಲ್ಲವೂ ಕಂಡಿತು. ತಿರುವು ಬಂತು. ವ್ಯಾಪಾರಿಯ ಎಡಗೈ ಗೇರಿಗೆ ಹೋಯಿತು. ಬಲಗೈ ಸ್ಟಿಯರಿಂಗಿನ ಬಲಭಾಗವನ್ನು ಹಿಡಿದಿತ್ತು, ಆದರೆ ತಿರುಗಿಸಲಿಲ್ಲ. ಕಾಯಿತು. ಕಾದು, ಯಾವ ಕೈಯೂ ಬಾರದಿದ್ದಾಗ ಗಾಬರಿಯಿಂದ ಎಳೆಯಿತು. ಮುಂದಿನ ತಿರುವಿನಲ್ಲೂ ಹಾಗೆಯೇ ಆಯಿತು. ಆ ಹೆಣ್ಣುಮಗಳು ಕೈ ಚಾಚಿ ಸ್ಟಿಯರಿಂಗ್ ಎಳೆಯುವುದನ್ನು ಸಂತೆಯ ಬೀದಿಯಲ್ಲಿ ಮೆಕ್ಯಾನಿಕ್ಕೂ ಎಷ್ಟೋ ಸಲ ನೋಡಿದ್ದ.

ಕಾರು ನಿಲ್ಲಿಸಲು ಹೇಳಿದ. “ಸಾವ್ಕಾರ್ರೇ, ಸ್ಟಿಯರಿಂಗ್ ಏನೂ ತಡಾ ಮಾಡಂಗಿಲ್ಲ. ನೀವು ಕಾಯಾಕತ್ತೀರಿ.”

ವ್ಯಾಪಾರಿ ತನ್ನ ಬಲಗೈಯನ್ನೇ ನೋಡಿಕೊಂಡ. ಅದು ಹಾಗೆ ಮಾಡುತ್ತಿದೆಯೆಂದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅವನ ಕಣ್ಣು ತುಂಬಿತು.

“ಹಂಗಾದ್ರ ಮೊದಲಿನಂಗ ಭಾರ ಮಾಡಿ ಕೊಡು” ಎಂದ.

“ಹಳೇ ಪಂಪ್ ನನ್ನ ಕಡೇನ ಐತ್ರಿ. ಇವತ್ತ ಕೂಡಿಸಿ ಕೊಡ್ತೀನಿ. ಆ ಕೈ ಎಲ್ಲಿಂದ ತರ್ಲಿ?” ಎಂದ ಮೆಕ್ಯಾನಿಕ್ಕು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ. ಅವರು ಮುಂದುವರಿಸುವ ಹಾಗೆ ಕಾಣಲಿಲ್ಲ.

“ಕಾರು ಮಾರಿದನೇ, ಗುರುಗಳೇ? ಇಲ್ಲವೇ ಕಾಯುವುದನ್ನು ಬಿಟ್ಟನೇ?”

“ಎರಡೂ ಇಲ್ಲ. ತಿರುವಿನೊಳಗೆ ಕಾದರೆ ಲಾರಿ ಬರುತ್ತದೆ ಎನ್ನುವುದು ಅವನಿಗೆ ತಿಳಿಯಿತು. ಈಗ ತಿರುವಿಗೆ ಮೊದಲೇ ದಾರಿಯ ಬದಿಗೆ ಬಂದು ಕಾರು ನಿಧಾನ ಮಾಡುತ್ತಾನೆ. ಕಾಯುವುದನ್ನು ಅಲ್ಲೇ ಕಾಯುತ್ತಾನೆ. ಆಮೇಲೆ ತಾನೇ ತಿರುಗಿಸಿಕೊಂಡು ಸಂತೆಗೆ ಹೋಗುತ್ತಾನೆ. ಹಿಂದಿನವರು ಹಾರನ್ ಹೊಡೆಯುತ್ತಾರೆ. ಹೊಡೆಯಲಿ.”

ಶಿಷ್ಯ ತಲೆ ತಗ್ಗಿಸಿದ. “ಅವನು ಸಂಸಾರದಲ್ಲಿದ್ದವನು, ಅವನಿಗೆ ಸಲ್ಲುತ್ತದೆ. ಮಠದಲ್ಲಿ ಕೂತು ನಾನೂ ಹೀಗೆ ಕಾಯುತ್ತಿದ್ದರೆ ನೀವು ಒಪ್ಪುತ್ತೀರಾ?”

ಗುರುಗಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ಊಟದ ಪಂಕ್ತಿಯಲ್ಲಿ ದಿನವೂ ನಿನ್ನ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತೀಯಲ್ಲ, ಅಲ್ಲಿ ಯಾರನ್ನೂ ಕೂರಿಸಬೇಡಿ ಎಂದು ನೀನು ಬಂದ ಹೊಸದರಲ್ಲೇ ಬಡಿಸುವವರಿಗೆ ಹೇಳಿಟ್ಟಿದ್ದೇನೆ.”