ತಿದಿಗೆ ಉಣಿಸಿದ ಹುಗ್ಗಿ

"ಅಜ್ಜಾರೆ, ಸಿಹಿಯನ್ನು ಉಂಡದ್ದು ನಾಲಿಗೆ. ಅದು ಬೆರಳನ್ನೇಕೆ ಹಿಡಿಯಿತು?"

ಮಠದ ದಾಸೋಹದಲ್ಲಿ ಇಪ್ಪತ್ತು ವರ್ಷ ಬೆಲ್ಲದ ಗೋಧಿ ಹುಗ್ಗಿ ಬೇಯಿಸಿದ ಕೊಟ್ರಬಸಪ್ಪ ಅಲ್ಲಿನ ಗುರುಗಳಾದ ಅಜ್ಜರನ್ನು ಹೀಗೆ ಕೇಳಿ ಕೈ ಮುಗಿದ. ಅಂಗೈಗಳು ಕೂಡಲಿಲ್ಲ. ಬೆರಳುಗಳು ಬಾಗಿಯೇ ನಿಂತವು. ನಡುವೆ ನಿಂಬೆಹಣ್ಣು ಹಿಡಿಸುವಷ್ಟು ಸಂದು. ರಕ್ತದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ಹೇಳಿ ವರ್ಷಗಳಾಗಿದ್ದವು. ಅವನು ಹುಗ್ಗಿ ಉಣ್ಣುವುದನ್ನು ಬಿಟ್ಟಿರಲಿಲ್ಲ. ಈಗ ಗುರುವಿಗೆ ನೆಟ್ಟಗೆ ಕೈ ಮುಗಿಯಲೂ ಆಗಲಿಲ್ಲ.

ಅಜ್ಜ ನಕ್ಕರು. "ಕೂತುಕೋ. ಒಂದು ಕತೆ ಕೇಳು" ಎಂದು ಶುರು ಮಾಡಿದರು.

ಒಬ್ಬ ಕಮ್ಮಾರನಿದ್ದ. ಅವನಿಗೆ ಕುಲುಮೆಯ ಬೆಂಕಿಗೆ ಗಾಳಿ ಊದುವ ತನ್ನ ತೊಗಲಿನ ತಿದಿಯೆಂದರೆ ಪ್ರಾಣ. ಮನೆಯಲ್ಲಿ ಸಿಹಿ ಮಾಡಿದಾಗಲೆಲ್ಲ ಮೊದಲ ತುತ್ತನ್ನು ತಿದಿಯ ತೊಗಲಿಗೆ ಸವರುತ್ತಿದ್ದ. ಇರುವೆಗಳಿಗೆ ದಿನವೂ ಹಬ್ಬ.

"ಅಯ್ಯೋ ಶಿವನೇ, ತೊಗಲಿಗೆ ಎಣ್ಣೆ ಸವರೋದು ಬಿಟ್ಟು ಹುಗ್ಗಿ ಉಣಿಸ್ತೀರಲ್ಲ!" ಎಂದಳು ಹೆಂಡತಿ.

"ನಮಗೆ ಅನ್ನ ಕೊಡೋಳೇ ಇವಳು. ನಾನು ಸಿಹಿ ಉಂಡು ಇವಳನ್ನು ಬರಿಬಾಯಲ್ಲಿ ಕೂರಿಸಲೇನೇ?" ಎಂದ ಕಮ್ಮಾರ.

ತೊಗಲೆಂದರೆ ಸಣ್ಣ ಸಣ್ಣ ಎಳೆಗಳ ಹೆಣಿಗೆ. ಎಳೆಗಳು ಜಾರಾಡಿದರೆ ತಾನೇ ಅದು ಮಡಚೀತು, ಅರಳೀತು? ಪಾಕ ಒಳಗಿಳಿಯಿತು. ಎಳೆಗೆ ಎಳೆ ಅಂಟಿತು. ಅಂಟಿದ್ದು ಒಂದೇ ದಿನಕ್ಕಲ್ಲವಾದ್ದರಿಂದ ಅವನಿಗೆ ಗೊತ್ತಾಗಲಿಲ್ಲ.

ಬಿತ್ತನೆ ಹತ್ತಿರ ಬಂತು. ಊರಿನ ನೇಗಿಲ ಕುಳಗಳೆಲ್ಲ ಕುಲುಮೆಯ ಮುಂದೆ ಬಿದ್ದವು. ಕಮ್ಮಾರ ತಿದಿ ಒತ್ತಿದ. ಅದು ಮರದ ಹಲಗೆಯ ಹಾಗೆ ಬಿಗಿದು ನಿಂತಿತ್ತು. ಬೆಂಕಿ ಕಣ್ಣು ಬಿಡಲಿಲ್ಲ. ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಹೆಂಡತಿ ಬೈಯಲಿಲ್ಲ. ಎಣ್ಣೆಯ ಗಿಂಡಿ ತಂದಳು. ಸವರಿದರು, ತಿಕ್ಕಿದರು, ದಿನವೂ ಮೆಲ್ಲಗೆ ಮಡಚಿ ಬಿಡಿಸಿದರು. ಅಂಟಿದ ಎಳೆ ಬಿಡಲಿಲ್ಲ. ಆದರೆ ಸಿಹಿ ನಿಂತಿತ್ತಲ್ಲ, ಹೊಸದಾಗಿ ಅಂಟಲಿಲ್ಲ. ಇನ್ನೂ ಅಂಟದ ಎಳೆಗಳು ಮೆತ್ತಗಾಗಿ ತಿದಿ ಅರ್ಧ ಬಾಯಿ ತೆರೆಯಿತು. ಗಂಡ ಹೆಂಡತಿ ಇಬ್ಬರೂ ಸೇರಿ ಒತ್ತಿದರು. ಭುಸ್ಸೆಂದು ಕಿಡಿ ಹಾರಿತು! ಊರಿಗೆ ಊರೇ ಕೇಕೆ ಹಾಕಿತು. ಆ ಅರ್ಧ ಉಸಿರಿನಲ್ಲೇ ಎಲ್ಲ ಕುಳಗಳೂ ಹದವಾದವು.

ಕೊಟ್ರಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು.

"ಎಂಥ ಮಂಕು ಮನುಷ್ಯ ಅಜ್ಜಾರೆ! ತೊಗಲಿಗೆ ಯಾರಾದರೂ ಹುಗ್ಗಿ ಉಣಿಸುತ್ತಾರೆಯೇ?"

ಅಜ್ಜ ಅವನ ಎರಡೂ ಕೈಗಳನ್ನು ಮೆಲ್ಲಗೆ ತಮ್ಮ ಕೈಯೊಳಗೆ ತೆಗೆದುಕೊಂಡರು.

"ಇವಕ್ಕೆ ಹೊದಿಸಿರುವುದು ಮತ್ತೇನು, ರೇಷ್ಮೆಯೇನೋ?"