ಅಂಚಿನವರೆಗೆ ತುಂಬಿದ ಬಟ್ಟಲು

ದೂರದ ಫರ್ಗಾನಾ ಕಣಿವೆಯಲ್ಲಿ, ಮೋಡಗಳೂ ಏದುಸಿರು ಬಿಡುತ್ತ ಹತ್ತುವ ಬೆಟ್ಟದ ಬುಡದಲ್ಲಿ, ಖೋಲ್ಮತ್ ಅನ್ನೋ ಮುದುಕನ ಚಹಾ ಅಂಗಡಿ ಇತ್ತು. ರಷ್ಯಾದ ಬಿಳಿ ದೊರೆ ಆ ನಾಡನ್ನು ನುಂಗಿದ್ದ. ಅರಗಿಸಿಕೊಂಡಿರಲಿಲ್ಲ. ಯಾಕೆಂದರೆ ಬೆಟ್ಟದ ಮೇಲೆ ನೋರ್ಕುಲ್ ಸರದಾರ ಇದ್ದ, ಅವನ ಹಿಂದೆ ನಲವತ್ತು ಸವಾರರು. ನಲವತ್ತೇ. ದೊರೆಯ ಸೈನಿಕರು ಮಾತ್ರ ಓಡಿಹೋಗಿ ನಾಲ್ಕು ಸಾವಿರ ಅಂತ ವರದಿ ಕೊಡುತ್ತಿದ್ದರು.

ಒಂದು ಮಧ್ಯಾಹ್ನ ನೋರ್ಕುಲ್ ಕುರುಬನ ವೇಷದಲ್ಲಿ ಅಂಗಡಿಗೆ ಬಂದು ಕೂತ. ಹಿಂದೆಯೇ ದೊರೆಯ ಕಾವಲು ಕೋಟೆಯ ಕಪ್ತಾನ ಬಂದ. ಸರದಾರ ಇಲ್ಲಿದ್ದಾನೆ ಅನ್ನೋ ಸುಳಿವು ಸಿಕ್ಕಿತ್ತು, ಮುಖ ಗೊತ್ತಿರಲಿಲ್ಲ. ಯಾರೂ ಏಳಬಾರದು, ಮುದುಕ ಎಂದಿನಂತೆ ಚಹಾ ಕೊಡಲಿ ಎಂದು ಹೇಳಿ ಮೂಲೆಯಲ್ಲಿ ಕೂತ. ಕುರುಬ ಯಾರೆಂದು ಖೋಲ್ಮತನಿಗೆ ಗೊತ್ತಿತ್ತು. ನೋರ್ಕುಲ್ ಸಿಕ್ಕಿಬಿದ್ದರೆ ನೇಣು. ಅವನ ಜೊತೆಗೆ ನಾಡಿನ ನೆಟ್ಟನೆಯ ಬೆನ್ನೂ ಮುರಿಯುತ್ತಿತ್ತು.

ಮುದುಕ ಕಪ್ತಾನನ ಕಣ್ಣು ನೋಡಿದ. ಅದು ಮುಖಗಳನ್ನಲ್ಲ, ಬಟ್ಟಲುಗಳನ್ನು ನೋಡುತ್ತಿತ್ತು. ಯಾರಿಗೆ ಹೆಚ್ಚು ಸುರಿಯುತ್ತೇನೋ ಅವನೇ ಸರದಾರ ಅಂತ ಎಣಿಸಿದ್ದಾನೆ, ಪಾಪ, ಅಂದುಕೊಂಡ ಮುದುಕ.

ಆ ನಾಡಿನ ರೀತಿಯೇ ಬೇರೆ. ಬೇಕಾದವರಿಗೆ ಎರಡೇ ಗುಟುಕು, ಮತ್ತೆ ಮತ್ತೆ ಕೇಳಲಿ, ಇನ್ನಷ್ಟು ಹೊತ್ತು ಕೂರಲಿ ಅಂತ. ಬೇಡದವರಿಗೆ ಅಂಚಿನವರೆಗೆ, ಕುಡಿದು ಜಾಗ ಖಾಲಿ ಮಾಡಲಿ ಅಂತ.

ಒಣದ್ರಾಕ್ಷಿ ವ್ಯಾಪಾರಿಯೊಬ್ಬ ಮೂರು ದಿನದಿಂದ ಅಲ್ಲೇ ಠಿಕಾಣಿ ಹೂಡಿದ್ದ. ದ್ರಾಕ್ಷಿಯ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಸವಾರರೆಷ್ಟು, ಕುದುರೆ ಎಲ್ಲಿ ಅಂತಲೇ ಕೇಳುತ್ತಿದ್ದ. ಖೋಲ್ಮತ್ ಕುರುಬನಿಗೆ ಎರಡೇ ಗುಟುಕು ಹಾಕಿ, ವ್ಯಾಪಾರಿಯ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದ. ಕಪ್ತಾನನ ಹುಬ್ಬು ಏರಿತು. ಮತ್ತೆ ತುಂಬಿಸಿದ. ಕಪ್ತಾನನ ಮೀಸೆ ಕುಣಿಯಿತು. ಮೂರನೇ ಸಲ ಚಹಾ ಉಕ್ಕಿ ವ್ಯಾಪಾರಿಯ ಮಡಿಲಿಗೇ ಬಿತ್ತು. ಕಪ್ತಾನ ಎದ್ದು ನಿಂತ.

"ತಾತ, ನನಗೊಬ್ಬನಿಗೇ ಯಾಕೆ ಇಷ್ಟು ಜಿಪುಣತನ?" ಅಂದ ನೋರ್ಕುಲ್, ಪಕ್ಕಾ ಕುರುಬನ ದನಿಯಲ್ಲಿ.

"ಕುರಿ ಕಾಯೋನಿಗೆ ಅಷ್ಟೇ ಸಾಕು ಕಣೋ," ಅಂದ ಖೋಲ್ಮತ್.

ವ್ಯಾಪಾರಿಯ ಕೈಗೆ ಹಗ್ಗ ಬಿತ್ತು. ತಾನು ಪಟ್ಟಣದ ಜನರಲ್ ಕಳಿಸಿದ ಗೂಢಚಾರ, ನಿಮ್ಮವನೇ ಸ್ವಾಮಿ ಅಂತ ಗೋಗರೆದ.

"ಹಗ್ಗ ಕಂಡ ಮೇಲೆ ಎಲ್ಲರೂ ನಮ್ಮವರೇ," ಅಂದ ಕಪ್ತಾನ.

ಇಷ್ಟು ದೊಡ್ಡ ಬೇಟೆಗೆ ಸಣ್ಣ ಕಾವಲು ಸಾಲದೆಂದು ಕೋಟೆಯ ಸೈನಿಕರನ್ನೆಲ್ಲ ಕಟ್ಟಿಕೊಂಡು, ತುತ್ತೂರಿ ಊದಿಸುತ್ತ ಪಟ್ಟಣಕ್ಕೆ ಹೊರಟ. ಅಲ್ಲಿ ಜನರಲ್ ಹೇಗೆ ಸತ್ಕರಿಸಿದನೋ, ಆಮೇಲೆ ಆ ಮೀಸೆ ಯಾರ ಕಣ್ಣಿಗೂ ಬೀಳಲಿಲ್ಲ.

ಇತ್ತ ನಲವತ್ತು ಸವಾರರು ಬೆಟ್ಟ ಇಳಿದರು. ಖಾಲಿ ಕೋಟೆಯ ಬಂದೂಕುಗಳೆಲ್ಲ ಕುದುರೆ ಏರಿದವು. ಹಾಡುಹಗಲಲ್ಲೇ ನೋರ್ಕುಲ್ ತಲೆಯೆತ್ತಿ ಹೊರಟಾಗ ಬೀದಿಯ ಜನ ಗೌರವದಿಂದ ಎದೆಯ ಮೇಲೆ ಕೈಯಿಟ್ಟು ನಿಂತರು.

ತಿಳಿಯಿತಲ್ಲ ಮಕ್ಕಳೇ? ಒಂದು ನಾಡಿನ ರೀತಿ ಕಲಿಯದೆ ಅದನ್ನು ಆಳಹೊರಟವನು ಕೊನೆಗೆ ತನ್ನವರನ್ನೇ ಕಟ್ಟಿಹಾಕುತ್ತಾನೆ. ತನ್ನ ರೀತಿ ಬಿಡದ ಜನ ಯಾರ ಕೈಗೂ ಸೆರೆಯಾಗುವುದಿಲ್ಲ.